ಅವಳಿಗೆ ಕೊನೆಗೂ ಡಾಕ್ಟರೇಟ್ ಸಿಕ್ತಾ?

ಅಕ್ಕನ ಮಗಳಿಗೆ ಮೊನ್ನೆ ಹತ್ತು ತುಂಬಿತು. ಬೆನ್ಸನ್ ಟೌನಿನ ನಮ್ಮನೆ ಹಾಲ್‌ನಲ್ಲೇ ಪಾರ್ಟಿ. ಕೇಕು, ಸಮೋಸ, ಪಕ್ಕದ ಮನೆಯವರು ಕಳಿಸಿದ ಫಿರ್ನಿ ಎಲ್ಲ ಮುಗಿದ ಮೇಲೆ ರಾತ್ರಿ ಗಿಫ್ಟ್ ಪೇಪರ್ ಹರಿಯೋ ಸಂಭ್ರಮ. ಒಟ್ಟು ಒಂಬತ್ತು ಗಿಫ್ಟ್. ಅದರಲ್ಲಿ ಐದು ಪುಸ್ತಕ. ಐದರಲ್ಲಿ ನಾಲ್ಕು ಒಂದೇ ಜಾತಿಯವು: ಸಾಧಕಿಯರ ನಿಜಜೀವನದ ಕಥೆಗಳು. ಗಟ್ಟಿ ರಟ್ಟು, ಹೊಳೆಯೋ ಅಕ್ಷರ, ಈ ಪುಟದಲ್ಲಿ ಕಥೆ, ಆ ಪುಟದಲ್ಲಿ ಚಿತ್ರ. ನಾಲ್ಕರಲ್ಲಿ ಒಂದು ನಾನೇ ಕೊಟ್ಟಿದ್ದು. ಹಾಗಾಗಿ ಮುಂದೆ ಬೈಸಿಕೊಳ್ಳೋರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಅಂತ ಇಟ್ಟುಕೊಳ್ಳಿ.

ನಾವು ಚಿಕ್ಕವರಿದ್ದಾಗ ಇಂಥವು ಇರಲಿಲ್ಲ ಅಂತಲ್ಲ. ರಾಷ್ಟ್ರೋತ್ಥಾನದ ಭಾರತ-ಭಾರತಿ ಪುಸ್ತಕಗಳು ನಿಮಗೂ ನೆನಪಿರಬೇಕು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ಪುಟ್ಟ ಪುಟ್ಟ ಪುಸ್ತಕಗಳು, ಒಟ್ಟು 510. ನಮ್ಮ ಕಡೆ ಶಾಲೆಯಲ್ಲಿ ಬಹುಮಾನ ಅಂದರೆ ಒಂದೋ ಸ್ಟೀಲ್ ಲೋಟ, ಇಲ್ಲಾ ಇಂಥದ್ದೊಂದು ಪುಸ್ತಕ. ಅಕ್ಕನಿಗೆ ಬಂದಿದ್ದು, ಅವಳಿಂದ ನನಗೆ ಇಳಿದಿದ್ದು ಎಲ್ಲ ಸೇರಿ ನಮ್ಮನೆಯಲ್ಲೊಂದು ಕಟ್ಟು ಇತ್ತು. ಆಗ ನಮಗೆ ಗೊತ್ತಿದ್ದ ದೊಡ್ಡ ಹೆಂಗಸರು ಅಂದರೆ ಕಿತ್ತೂರು ಚೆನ್ನಮ್ಮ, ಝಾನ್ಸಿ ರಾಣಿ, ಒನಕೆ ಓಬವ್ವ. ಸಾಧಕಿ ಅನ್ನಿಸಿಕೊಳ್ಳೋಕೆ ಕೈಯಲ್ಲಿ ಕತ್ತಿ ಇರಬೇಕಿತ್ತು, ಕತ್ತಿ ಸಿಗದೇ ಹೋದರೆ ಒನಕೆಯಾದರೂ ಇರಬೇಕಿತ್ತು. ಈಗಿನ ಮಕ್ಕಳು ಪುಣ್ಯವಂತರು. ಅವರ ಪುಸ್ತಕದ ಹೆಂಗಸರ ಕೈಯಲ್ಲಿ ಟೆಲಿಸ್ಕೋಪ್ ಇದೆ, ಕ್ರಿಕೆಟ್ ಬ್ಯಾಟ್ ಇದೆ, ಕ್ಯಾಮೆರಾ ಇದೆ. ಇದನ್ನ ಸಣ್ಣ ಬದಲಾವಣೆ ಅಂತ ನಾನು ಹೇಳೋದಿಲ್ಲ.

ಆದರೆ ಆ ಹಳೇ ಕಟ್ಟಿನ ಬಗ್ಗೆ ಒಂದು ಮಾತು ಈಚೆಗೆ ಹೊಳೆದಿದ್ದು. ಅವರೆಲ್ಲ ಸೋತವರು. ಚೆನ್ನಮ್ಮ 1824ರಲ್ಲಿ ಥ್ಯಾಕರೆಯನ್ನ ಹೊಡೆದುರುಳಿಸಿದ್ದು ನಿಜ, ಆಮೇಲೆ ಕಿತ್ತೂರು ಹೋಯ್ತು, 1829ರಲ್ಲಿ ಆಕೆ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಲಕ್ಷ್ಮೀಬಾಯಿ ಯುದ್ಧದಲ್ಲಿ ಸತ್ತಳು. ಓಬವ್ವ ಕೋಟೆಯ ಕಿಂಡಿಯ ಹತ್ತಿರವೇ ಸತ್ತಳು. ಇದನ್ನೆಲ್ಲ ಎಂಟು ವರ್ಷದ ಮಕ್ಕಳಿಗೆ ಹೇಳೋಕೆ ಯಾರೂ ಹೆದರಲಿಲ್ಲ. ಯಾರು ಎದುರಾಳಿ, ಯಾರು ಮೋಸ ಮಾಡಿದರು ಅನ್ನೋದೂ ಪುಸ್ತಕದಲ್ಲೇ ಇರುತ್ತಿತ್ತು. ನಾವೇನೂ ಅದನ್ನ ಓದಿ ಎದೆಗುಂದಲಿಲ್ಲ, ಪೊರಕೆ ಕಡ್ಡಿ ಹಿಡಿದು ಟೆರೇಸ್ ಮೇಲೆ ಓಡಾಡಿದೆವು.

ಈಗಿನ ಅಲೆ ಶುರುವಾಗಿದ್ದು 2016ರಲ್ಲಿ ಅಂತ ಹೇಳಬಹುದು. ಎಲೆನಾ ಫವಿಲ್ಲಿ, ಫ್ರಾನ್ಚೆಸ್ಕಾ ಕವಲ್ಲೋ ಅನ್ನೋ ಇಬ್ಬರು ಇಟಲಿಯ ಹೆಣ್ಣುಮಕ್ಕಳು ಕಿಕ್‌ಸ್ಟಾರ್ಟರ್‌ನಲ್ಲಿ ದುಡ್ಡು ಎತ್ತಿ 'ಗುಡ್ ನೈಟ್ ಸ್ಟೋರೀಸ್ ಫಾರ್ ರೆಬೆಲ್ ಗರ್ಲ್ಸ್' ತಂದರು. ನೂರು ಹೆಂಗಸರು, ನೂರು ಕಥೆ, ಪ್ರತಿಯೊಬ್ಬಳಿಗೂ ಒಂದು ಚಿತ್ರ. ರಾಜಕುಮಾರಿಯ ಕಥೆಯ ಜಾಗದಲ್ಲಿ ವಿಜ್ಞಾನಿಯ ಕಥೆ ಹೇಳಿ ಮಗು ಮಲಗಿಸಿ ಅನ್ನೋ ಐಡಿಯಾ. ಚೆನ್ನಾಗಿದೆ. ಆದರೆ ಮಗು ಮಲಗಿಸೋ ಕಥೆಗೆ ಒಂದು ಕಟ್ಟುಪಾಡು ಇದೆ, ಅದು ಸುಖವಾಗಿ ಮುಗಿಯಬೇಕು. ರಾಜಕುಮಾರಿ ಹೋದಳು, ಕಟ್ಟುಪಾಡು ಉಳೀತು. ಆ ಮೊದಲ ಪುಸ್ತಕದಲ್ಲಿ ಆಂಗ್ ಸಾನ್ ಸೂ ಕಿಯೂ ಇದ್ದಳು. ಮಯನ್ಮಾರಿನಿಂದ ರೋಹಿಂಗ್ಯಾ ಜನ ಓಡಿ ಬರೋ ಹೊತ್ತಿಗೆ ಅಪ್ಪ ಅಮ್ಮಂದಿರು ಅವಳ ಪುಟ ತೆಗೀರಿ ಅಂತ ಕೇಳಿದರು. ಪಾಪ, ಅವರದ್ದೂ ತಪ್ಪಲ್ಲ. ಒಂದು ಪುಟದ ಕಥೆಯಲ್ಲಿ ಮನುಷ್ಯರಿಗೆ ಜಾಗ ಎಲ್ಲಿದೆ? ಒಳ್ಳೆಯವಳಾಗಿ ಇರು, ಇಲ್ಲಾಂದ್ರೆ ಪುಸ್ತಕದಿಂದ ಆಚೆ ನಡಿ.

ನಮ್ಮಲ್ಲೂ ಅದೇ ಅಚ್ಚಿನ ಪುಸ್ತಕಗಳು ಸಾಲುಸಾಲಾಗಿ ಬಂದವು. ಬ್ರಿಗೇಡ್ ರೋಡ್ ಕಡೆಯ ಪುಸ್ತಕದಂಗಡಿಗಳಲ್ಲಿ ಮಕ್ಕಳ ವಿಭಾಗಕ್ಕೆ ಹೋಗಿ ನೋಡಿ, ಕಪಾಟು ಭರ್ತಿ. ಅವುಗಳಲ್ಲಿ ಚೆನ್ನಾಗಿರೋವು ಇವೆ, ಆಮೇಲೆ ಹೇಳ್ತೀನಿ.

ಈಗ ಪುಟ್ಟಿಯ ವಿಷಯಕ್ಕೆ ಬರೋಣ. ಹುಟ್ಟುಹಬ್ಬ ಆಗಿ ಎರಡು ವಾರಕ್ಕೆ ಶಾಲೆಯಲ್ಲಿ ಭಾಷಣ ಸ್ಪರ್ಧೆ. ವಿಷಯ ಏನಿರುತ್ತೆ, 'ನನಗೆ ಸ್ಫೂರ್ತಿ ಕೊಟ್ಟ ಮಹಿಳೆ'. ಮೂರು ನಿಮಿಷ. ಅವಳು ಅನ್ನಾ ಮಣಿಯನ್ನ ಆರಿಸಿಕೊಂಡಳು. ಕಾರಣ ಎಂಟನೇ ಹುಟ್ಟುಹಬ್ಬದ ಕಥೆ: ಮನೆಯವರು ವಜ್ರದ ಓಲೆ ಕೊಡೋಕೆ ಬಂದರೆ ಅನ್ನಾ ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಅಂದಳಂತೆ. ಪುಟ್ಟಿಗೆ ತಾನು ಕೂಡ ಹಾಗೇ ಅನ್ನೋ ಭಾವನೆ. (ಅವಳು ಕೇಳಿದ್ದು ಸ್ಕೇಟಿಂಗ್ ಶೂ. ಇರ್ಲಿ.) ಇಂಟರ್‌ನೆಟ್‌ನಲ್ಲಿ ಅಲ್ಲಿ ಇಲ್ಲಿ ಓದಿಕೊಂಡು ಬಂದು ಒಂದು ಸಂಜೆ ಕೇಳಿದಳು: "ಚಿಕ್ಕಮ್ಮ, ಅನ್ನಾ ಮಣಿಗೆ ಕೊನೆಗೂ ಡಾಕ್ಟರೇಟ್ ಸಿಕ್ತಾ?"

"ಇಲ್ಲ ಕಣೇ."

"ಕೊನೇಲೂ ಇಲ್ವಾ? ಎಲ್ಲಾ ಕಥೇಲೂ ಕೊನೇಗೆ ಸಿಗತ್ತಲ್ಲ?"

ಎಲ್ಲಾ ಕಥೆಯಲ್ಲೂ ಸಿಗತ್ತೆ. ಅದೇ ನನ್ನ ತಕರಾರು. ಅದನ್ನ ಒಂದೇ ಕ್ಯಾಂಪಸ್ಸಿನ ಮೂರು ಕಥೆ ಇಟ್ಟುಕೊಂಡು ಹೇಳ್ತೀನಿ. ನಾವು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಆಟೋದವರಿಗೆ ಹೇಳೋ ಭಾರತೀಯ ವಿಜ್ಞಾನ ಸಂಸ್ಥೆ.

ಮೊದಲು ಎಲ್ಲರಿಗೂ ಬಾಯಿಪಾಠವಾಗಿರೋ ಕಥೆ, 1974ರದ್ದು. ಸುಧಾ ಕುಲಕರ್ಣಿ ಅಲ್ಲಿ ಎಂ.ಇ. ಮಾಡ್ತಿದ್ದಾರೆ. ನೋಟಿಸ್ ಬೋರ್ಡಿನಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು, ಹೆಂಗಸರು ಅರ್ಜಿ ಹಾಕೋದು ಬೇಕಿಲ್ಲ ಅಂತ ಅದರಲ್ಲೇ ಷರಾ. ಸಿಟ್ಟು ಬಂದು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದರು. ಪುಣೆಗೆ ಇಂಟರ್‌ವ್ಯೂಗೆ ಕರೆ ಬಂತು, ಕೆಲಸ ಸಿಕ್ಕಿತು. ಸುಧಾ ಮೂರ್ತಿಯವರು ಇದನ್ನ ಬಹಳ ಚೆನ್ನಾಗಿ ಹೇಳ್ತಾರೆ, ನನಗೂ ಇಷ್ಟ. ಅದಕ್ಕೂ ಮೊದಲು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಿನ್ಸಿಪಾಲರು ಹಾಕಿದ ಮೂರು ಷರತ್ತುಗಳನ್ನೂ ಹೇಳ್ತಾರೆ: ಸೀರೆಯಲ್ಲೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ತಾವು ಮೊದಲ ರ‍್ಯಾಂಕ್ ಬಂದ ಮೇಲೆ ಹುಡುಗರೇ ಬಂದು ಮಾತಾಡಿಸಿದರು ಅಂತ ಅವರು ಅಂದಾಗ ಸಭೆ ನಗುತ್ತೆ.

ನನ್ನ ಕಷ್ಟ ಇರೋದು ಆ ನಗುವಿನಲ್ಲಿ. ಕಥೆ ಗೆಲುವಿನಲ್ಲಿ ಮುಗಿಯೋದರಿಂದ ಷರತ್ತುಗಳು ಜೋಕಾಗಿಬಿಡ್ತವೆ. ಪೋಸ್ಟ್‌ಕಾರ್ಡ್ ಕಥೆಯಲ್ಲಿ ಇನ್ನೂ ಒಂದಿದೆ. ಬಾಗಿಲು ತೆಗೆದಿದ್ದು ಯಾರು? ಧೈರ್ಯ ಮಾಡಿ ಬರೆದವಳು ಒಬ್ಬಳು, ಸರಿ. ಆದರೆ ಓದಿದವರೂ ಒಬ್ಬರಿದ್ದರು, ಅವರಿಗೆ ಒಂದು ಮಾತಿನಲ್ಲಿ ಕಂಪನಿಯ ನಿಯಮ ಬದಲಿಸೋ ತಾಕತ್ತಿತ್ತು. ಕಾರ್ಡು ಬರೆದು ಉತ್ತರ ಬಾರದ ಹುಡುಗಿಯರ ಬಗ್ಗೆ ಪುಸ್ತಕ ಇಲ್ಲ. ಇರೋಕೂ ಸಾಧ್ಯವಿಲ್ಲ ಅನ್ನಿ, ಅವರ ಹೆಸರೇ ಯಾರಿಗೂ ಗೊತ್ತಿಲ್ಲ.

ಎರಡನೇದು 1933. ಬೊಂಬಾಯಿಯಿಂದ ಕಮಲಾ ಭಾಗವತ್ ಬಂದರು, ಆಮೇಲೆ ಕಮಲಾ ಸೊಹೋನಿ ಅಂತ ಹೆಸರಾದವರು. ಬಿ.ಎಸ್‌ಸಿ.ಯಲ್ಲಿ ಮೊದಲ ಸ್ಥಾನ. ಅಪ್ಪ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದವರು. ಆಗ ನಿರ್ದೇಶಕರು ಸಿ.ವಿ. ರಾಮನ್. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಸೇರಿಸಿಕೊಳ್ಳಲ್ಲ ಅಂದರು. ಕಮಲಾ ಅವರ ಆಫೀಸಿನ ಮುಂದೆ ಸತ್ಯಾಗ್ರಹ ಕೂತರು. ಕೊನೆಗೆ ಷರತ್ತಿನ ಮೇಲೆ ಪ್ರವೇಶ. ಮೊದಲ ವರ್ಷ ರೆಗ್ಯುಲರ್ ಅಲ್ಲ, ಕೆಲಸ ಒಪ್ಪಿಗೆಯಾದರೆ ಮಾತ್ರ ಮುಂದೆ. ಗೈಡ್ ಹೇಳಿದರೆ ರಾತ್ರಿಯೂ ದುಡಿಯಬೇಕು. ಲ್ಯಾಬಿನ ವಾತಾವರಣ ಕೆಡಿಸಬಾರದು, ಅಂದರೆ ಗಂಡಸರ ಗಮನ ಕೆಡಿಸಬಾರದು. ನೋಡಿ, 1933ರ ಬೆಂಗಳೂರಿನಲ್ಲೂ ಮೂರು, ಮೂವತ್ತು ವರ್ಷ ದಾಟಿದ ಮೇಲೆ ಹುಬ್ಬಳ್ಳಿಯಲ್ಲೂ ಮೂರು. ಎರಡೂ ಕಡೆ ಒಂದು ಷರತ್ತು ಗಂಡಸರ ಮನಸ್ಸನ್ನ ಕಾಯೋದು ಹೆಂಗಸಿನ ಜವಾಬ್ದಾರಿ ಅನ್ನೋದು.

ಕಮಲಾ ಕೇಂಬ್ರಿಡ್ಜಿಗೆ ಹೋದರು, 1939ರಲ್ಲಿ ಪಿಎಚ್.ಡಿ. ಮಾಡಿದರು. ಸಸ್ಯಗಳಲ್ಲಿ ಸೈಟೋಕ್ರೋಮ್ ಸಿ ಇದೆ ಅಂತ ತೋರಿಸಿದ ಪ್ರಬಂಧ ಬರೀ ನಲವತ್ತು ಪುಟ. ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದ ಕಥೆ, ಸಾಮಾನ್ಯವಾಗಿ ಇಲ್ಲೇ ಚಪ್ಪಾಳೆ. ಆದರೆ ಇಳಿವಯಸ್ಸಿನಲ್ಲಿ ತಮ್ಮ ಸನ್ಮಾನದ ಸಭೆಯಲ್ಲಿ ನಿಂತು ಅವರು ಹೇಳಿದ್ದು ಚಪ್ಪಾಳೆಯ ಮಾತಲ್ಲ. ರಾಮನ್ ದೊಡ್ಡ ವಿಜ್ಞಾನಿ, ಆದರೆ ಮನಸ್ಸು ಸಣ್ಣದು, ಹೆಣ್ಣು ಅಂತ ತನ್ನನ್ನ ನಡೆಸಿಕೊಂಡಿದ್ದನ್ನ ಮರೆಯೋಕಾಗಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ಅರವತ್ತು ವರ್ಷ ಕಳೆದ ಮೇಲೂ! ಇನ್ನೂ ಉರಿಯುತ್ತಿದ್ದ ಆ ಸಿಟ್ಟು ನನಗೆ ಸತ್ಯಾಗ್ರಹಕ್ಕಿಂತ ದೊಡ್ಡದು ಅನ್ನಿಸುತ್ತೆ. ಹುಡುಗಿಯರಿಗೆ ಹೇಳಬೇಕಾದ್ದು ಅದನ್ನ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಗೋದು ಕಷ್ಟ, ಯಾಕೆಂದರೆ ಗೆದ್ದವಳು ಕ್ಷಮಿಸಿರಬೇಕು.

ಮೂರನೇದು ಅನ್ನಾ ಮಣಿ. ಪೀರುಮೇಡಿನ ಹುಡುಗಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1940ರಲ್ಲಿ ಸ್ಕಾಲರ್‌ಶಿಪ್ ಮೇಲೆ ಬೆಂಗಳೂರಿಗೆ, ರಾಮನ್ ಲ್ಯಾಬಿಗೆ ಬಂದರು. ವಜ್ರದ ಓಲೆ ಬೇಡ ಅಂದಿದ್ದ ಹುಡುಗಿಗೆ ಇಲ್ಲಿ ಸಿಕ್ಕ ಕೆಲಸ ವಜ್ರದ್ದೇ. ವಜ್ರ, ಮಾಣಿಕ್ಯ ಹೇಗೆ ಬೆಳಕು ಸೂಸುತ್ತವೆ ಅನ್ನೋ ಅಧ್ಯಯನ. ಹರಳನ್ನ ದ್ರವಗಾಳಿಯ ಚಳಿಯಲ್ಲಿ ಇಡಬೇಕು. ಹೊಮ್ಮೋ ಬೆಳಕು ಎಷ್ಟು ಮಂದ ಅಂದರೆ ಫೋಟೋ ಪ್ಲೇಟಿನ ಮೇಲೆ ಗುರುತು ಮೂಡೋಕೆ ಹದಿನೈದು ಇಪ್ಪತ್ತು ಗಂಟೆ ಕಾಯಬೇಕು. ರಾತ್ರಿಯಿಡೀ ಲ್ಯಾಬಿನಲ್ಲೇ. ಹೀಗೆ ಒಬ್ಬರೇ ಐದು ಲೇಖನ ಪ್ರಕಟಿಸಿದರು. 1945ರಲ್ಲಿ ಪ್ರಬಂಧ ಸಲ್ಲಿಸಿದರು. ಸಂಸ್ಥೆಗೆ ಆಗ ತಾನೇ ಪದವಿ ಕೊಡೋ ಅಧಿಕಾರ ಇರಲಿಲ್ಲ, ಮದ್ರಾಸ್ ವಿಶ್ವವಿದ್ಯಾಲಯ ಕೊಡಬೇಕಿತ್ತು. ಅದು ಕೊಡಲಿಲ್ಲ. ಕಾರಣ, ಎಂ.ಎಸ್‌ಸಿ. ಆಗಿಲ್ಲ. ಆನರ್ಸ್ ಪದವಿ ಇತ್ತು, ಅದರ ಮೇಲೇ ಸಂಶೋಧನೆಗೆ ಸ್ಕಾಲರ್‌ಶಿಪ್ ಸಿಕ್ಕಿತ್ತು, ಐದು ವರ್ಷದ ಕೆಲಸ ಕಣ್ಣ ಮುಂದಿತ್ತು.

ವಿಜ್ಞಾನದ ಇತಿಹಾಸ ಬರೆಯೋ ಆಭಾ ಸುರ್ ಈ ಕಥೆಯನ್ನ ವಿವರವಾಗಿ ದಾಖಲಿಸಿದ್ದಾರೆ. ಆ ಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ, ಪದವಿ ಸಿಕ್ಕ ಬೇರೆಯವರ ಪ್ರಬಂಧಗಳ ಹಾಗೇ ಬೈಂಡ್ ಆಗಿ ಕೂತಿದೆ ಅಂತ ಬರೀತಾರೆ. ನಮ್ಮನೆಯಿಂದ ಜಯಮಹಲ್ ರಸ್ತೆ ಹಿಡಿದು ಮೇಖ್ರಿ ಸರ್ಕಲ್ ದಾಟಿದರೆ ಸಿಗೋ ಜಾಗ ಅದು. ನಾನು ವರ್ಷಗಟ್ಟಲೆ ಅದರ ಮುಂದೆ ಕ್ಯಾಬಿನಲ್ಲಿ ಕಾಲ್ ಅಟೆಂಡ್ ಮಾಡ್ತಾ ಹೋಗಿದ್ದೀನಿ.

ಮಕ್ಕಳ ಕಥೆಗಳು ಇದನ್ನ ಏನು ಮಾಡ್ತವೆ? ಕೆಲವು ಬಿಟ್ಟೇ ಬಿಡ್ತವೆ. ಕೆಲವು ಒಂದು ವಾಕ್ಯ ಬರೆದು, 'ಆದರೆ ಅನ್ನಾ ಧೃತಿಗೆಡಲಿಲ್ಲ' ಅಂತ ಮುಂದೆ ಓಡ್ತವೆ. ಆ 'ಆದರೆ' ಬಹಳ ಕೆಲಸ ಮಾಡುತ್ತೆ. ಅದಕ್ಕೂ ಹಿಂದಿನ ವಾಕ್ಯದಲ್ಲಿ ತಪ್ಪು ಮಾಡಿದವರು ಇದ್ದಾರೆ. ಮುಂದಿನ ವಾಕ್ಯದಲ್ಲಿ ಅವಳೊಬ್ಬಳೇ ಇದ್ದಾಳೆ. ನಡುವೆ ಒಂದು ವಿಶ್ವವಿದ್ಯಾಲಯ ಸದ್ದಿಲ್ಲದೆ ಜಾಗ ಖಾಲಿ ಮಾಡಿತು. ಆಮೇಲೆ ಉಳಿಯೋದು ಒಂದೇ ಪ್ರಶ್ನೆ: ಈ ಹುಡುಗಿ ಗಟ್ಟಿಗಿತ್ತಿ ಹೌದೋ ಅಲ್ಲವೋ. ನಿರಾಕರಣೆ ಅನ್ನೋದು ಯಾರೋ ಕೂತು ಸಹಿ ಹಾಕಿದ ತೀರ್ಮಾನವಾಗಿ ಕಾಣೋದೇ ಇಲ್ಲ, ಮಳೆ ಬಂತು, ಛತ್ರಿ ಹಿಡಿದಳು ಅನ್ನೋ ಥರ ಆಗಿಹೋಗುತ್ತೆ.

ನನಗೆ ಇದರ ಮೇಲೆ ಯಾಕಿಷ್ಟು ಕೋಪ ಅಂತ ಕೇಳಬಹುದು. ಕಳೆದ ಮಾರ್ಚ್ 8ಕ್ಕೆ ನಮ್ಮ ಆಫೀಸಿನಲ್ಲಿ, ಹೆಸರು ಬೇಡ, ನಿಮ್ಮ ಆಫೀಸಿನಂಥದ್ದೇ ಒಂದು, 'ನನ್ನ ಪಯಣ' ಅಂತ ಮಾತಾಡೋಕೆ ನನ್ನನ್ನ ಕರೆದರು. ನೇರಳೆ ಬಲೂನು, ಕಪ್‌ಕೇಕ್, ಗೊತ್ತಲ್ಲ. ಒಂದು ಸ್ಲೈಡಿನಲ್ಲಿ ನನಗೆ ಎರಡು ಸಲ ಪ್ರಮೋಷನ್ ತಪ್ಪಿದ್ದು, ಆಗ ಕೊಟ್ಟ ಕಾರಣ ಏನು ಅನ್ನೋದನ್ನ ಹಾಕಿದ್ದೆ. ಹಿಂದಿನ ದಿನ ಮೆಸೇಜ್ ಬಂತು: ಸ್ವಲ್ಪ ನೆಗೆಟಿವ್ ಆಗಿ ಕಾಣುತ್ತೆ, ರೆಸಿಲಿಯೆನ್ಸ್ ಕಡೆ ತಿರುಗಿಸೋಕಾಗುತ್ತಾ? ತಿರುಗಿಸಿದೆ. ಎರಡು ನಿಮಿಷದ ಕೆಲಸ. 'ಆ ದಿನಗಳು ನನ್ನನ್ನ ಗಟ್ಟಿ ಮಾಡಿದವು' ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಕಾರಣ ಕೊಟ್ಟಿದ್ದ ಮನುಷ್ಯರೂ ಮೂರನೇ ಸಾಲಿನಲ್ಲಿ ಕೂತು ತಟ್ಟಿದರು. ನನ್ನ ಕಥೆಯನ್ನ ನಾನೇ ಮಕ್ಕಳ ಪುಸ್ತಕ ಮಾಡಿಕೊಟ್ಟು ಬಂದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದಕ್ಕೆ ಅಡ್ಡ ಬರೋ ಒಂದು ಸಂಗತಿಯನ್ನ ಮುಚ್ಚಿಟ್ಟರೆ ನಾನೂ ಅದೇ ಜಾತಿಗೆ ಸೇರ್ತೀನಿ. ಆಭಾ ಸುರ್ ಹೋಗಿ ಮಾತಾಡಿಸಿದಾಗ ಅನ್ನಾ ಮಣಿ ಇದ್ಯಾವುದನ್ನೂ ಒಪ್ಪಲಿಲ್ಲ. ಹೆಣ್ಣಾಗಿದ್ದರಿಂದ ತನ್ನ ಕೆಲಸಕ್ಕೆ ಏನೂ ವ್ಯತ್ಯಾಸ ಆಗಲಿಲ್ಲ ಅಂದರು. ಪಿಎಚ್.ಡಿ. ಸಿಗದ್ದಕ್ಕೂ ಕಹಿ ತೋರಿಸಲಿಲ್ಲ. ಹೆಣ್ಣು, ವಿಜ್ಞಾನ ಅಂತ ಈ ಗಲಾಟೆ ಯಾಕೆ ಅನ್ನೋ ಧಾಟಿ. ಆದರೆ ಅದೇ ಅನ್ನಾ, ಲ್ಯಾಬಿನಲ್ಲಿ ಹೆಂಗಸು ಉಪಕರಣ ಹಿಡಿಯೋದರಲ್ಲಿ ಒಂಚೂರು ತಪ್ಪಿದರೂ ಗಂಡಸರು ಅದನ್ನೇ ಊರೆಲ್ಲ ಸಾರುತ್ತಿದ್ದರು ಅಂತಲೂ ನೆನೆಸಿಕೊಂಡರು. ಹುಡುಗರ ಜೊತೆ ನಡೆದು ಹೋಗೋದು ಕಂಡರೆ ರಾಮನ್ ಗೊಣಗುತ್ತಿದ್ದರಂತೆ.

ಈ ಎರಡನ್ನೂ ಒಂದೇ ಬಾಯಲ್ಲಿ ಹೇಳಿದ ಹೆಂಗಸು ನನಗೆ ಬಹಳ ಪರಿಚಯದವಳು ಅನ್ನಿಸುತ್ತೆ. ನಮ್ಮಮ್ಮ ಹಾಗೇ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದರು, ಯಾರೂ ಏನೂ ತೊಂದರೆ ಕೊಡಲಿಲ್ಲ ಅಂತಾರೆ, ಉಸಿರು ತೆಗೆದುಕೊಂಡು ಮುಂದಿನ ವಾಕ್ಯದಲ್ಲಿ ಒಂದು ತೊಂದರೆ ಹೇಳ್ತಾರೆ. ಅನ್ನಾ ಮಣಿಗೆ ತನ್ನನ್ನ ಅನ್ಯಾಯಕ್ಕೊಳಗಾದವಳು ಅಂತ ನೋಡೋದು ಬೇಕಿರಲಿಲ್ಲ, ಸರಿ. ಅವರ ಬದುಕು ಪದವಿಗೆ ಕಾದು ಕೂರಲೂ ಇಲ್ಲ. ಲಂಡನ್ನಿಗೆ ಹೋಗಿ ಹವಾಮಾನ ಉಪಕರಣ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಉಪಕರಣಗಳ ಡ್ರಾಯಿಂಗ್‌ಗಳನ್ನ ಒಂದು ಮಟ್ಟಕ್ಕೆ ತಂದರು. ಓಝೋನ್ ಅಳೆಯೋ ಸಾಧನ ಮಾಡಿದರು, 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಇವತ್ತು ನಮ್ಮ ಟೆರೇಸ್ ಮೇಲಿನ ಸೋಲಾರ್‌ನವರು ಹೇಳೋ ಬಿಸಿಲಿನ ಲೆಕ್ಕಕ್ಕೆ ಈ ದೇಶದಲ್ಲಿ ಬುನಾದಿ ಹಾಕಿದವರಲ್ಲಿ ಅವರೊಬ್ಬರು. 2022ರ ಆಗಸ್ಟ್ 23ಕ್ಕೆ ಗೂಗಲ್ ಡೂಡಲ್ ಕೂಡ ಆಯ್ತು. ಅವರು ತಮ್ಮ ಪಾಲಿಗೆ ಆ ಲೆಕ್ಕ ಮುಗಿಸಿರಬಹುದು. ಅದರಿಂದ ವಿಶ್ವವಿದ್ಯಾಲಯದ ಲೆಕ್ಕ ಮುಗಿಯೋದಿಲ್ಲ.

ಒಳ್ಳೆಯ ಪುಸ್ತಕಗಳ ಮಾತು ಬಾಕಿ ಇದೆ. ಇಲ್ಲೇ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 2008ರಲ್ಲಿ ತಂದ 'ಲೀಲಾವತೀಸ್ ಡಾಟರ್ಸ್' ನನ್ನ ಅಚ್ಚುಮೆಚ್ಚು. ರೋಹಿಣಿ ಗೋಡ್ಬೋಲೆ, ರಾಮ್ ರಾಮಸ್ವಾಮಿ ಸಂಪಾದಿಸಿದ್ದು. ನೋಡೋಕೆ ಸಪ್ಪೆ. ಆದರೆ ಅದರಲ್ಲಿ ಬಹಳಷ್ಟು ವಿಜ್ಞಾನಿಗಳು ತಮ್ಮ ಕಥೆ ತಾವೇ ಬರೆದಿದ್ದಾರೆ. ತಾವೇ ಬರೆದಾಗ ಮಕ್ಕಳನ್ನ ಯಾರು ನೋಡಿಕೊಂಡರು, ಗಂಡನಿಗೆ ಎಲ್ಲಿ ಕೆಲಸ ಇತ್ತು ಅನ್ನೋ ಬೇಸರದ ವಿವರಗಳು ಬಂದೇ ಬರ್ತವೆ. ಅವೇ ಬೇಕಾದ್ದು. ನಂದಿತಾ ಜಯರಾಜ್, ಆಶಿಮಾ ಫ್ರೈಡಾಗ್ ಮಕ್ಕಳಿಗಂತಲೇ ಬರೆದ '31 ಫೆಂಟಾಸ್ಟಿಕ್ ಅಡ್ವೆಂಚರ್ಸ್ ಇನ್ ಸೈನ್ಸ್' 2019ರದ್ದು. ಅದರ ಗುಣ ಅಂದರೆ ಈಗ ಲ್ಯಾಬಿನಲ್ಲಿ ದುಡಿಯುತ್ತಿರೋ ಹೆಂಗಸರನ್ನ ಹುಡುಕಿಕೊಂಡು ಹೋಗಿರೋದು. ಅವರ ಕಥೆ ಇನ್ನೂ ಮುಗಿದಿಲ್ಲ, ಹಾಗಾಗಿ ಸುಖಾಂತ್ಯ ಹಚ್ಚೋಕೂ ಬರೋದಿಲ್ಲ. ಕನ್ನಡದಲ್ಲಿ ಮಗುವಿನ ಕೈಗೆ ಕೊಡೋ ಹಾಗೆ ಇಂಥದ್ದು ಬೇಕು ಅನ್ನೋ ಆಸೆ ನನಗೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ 2015ರಿಂದ ಇದೆ, ಬಿಟ್ಟಿ ಓದಬಹುದು, ಯಾರು ಬೇಕಾದರೂ ಅನುವಾದ ಮಾಡಬಹುದು. ವೀಕೆಂಡಿನಲ್ಲಿ ಏನ್ ಮಾಡ್ಲಿ ಅಂತ ಕೇಳೋ ಗೆಳೆಯರೇ, ನಿಮ್ಮ ಕನ್ನಡ ಇನ್ನೂ ತುಕ್ಕು ಹಿಡಿದಿಲ್ಲದಿದ್ದರೆ ಅಲ್ಲಿಗೆ ಹೋಗಿ.

ಪುಟ್ಟಿಯ ಭಾಷಣ. ಅವಳು ಬರೆದುಕೊಂಡು ಬಂದ ಹಾಳೆಯಲ್ಲಿ, ಪ್ರಬಂಧದ ವಿಷಯ ಬಂದ ಕಡೆ, 'ಆ ಯೂನಿವರ್ಸಿಟಿ ತಪ್ಪು ಮಾಡಿತು' ಅಂತ ಒಂದು ಸಾಲಿತ್ತು. ನಾನು ಪೆನ್ನು ತಗೊಂಡು ಅದನ್ನ ಹೊಡೆದು ಹಾಕಿದೆ. ಮೇಲೆ 'ಆದರೂ ಅವರು ಎದೆಗುಂದಲಿಲ್ಲ' ಅಂತ ಬರೆದೆ. ಈ ಲೇಖನವನ್ನ ಅರ್ಧ ಬರೆದಾಗಿತ್ತು ಆಗ, ನಂಬಿ. ಕೈಗೆ ಅಷ್ಟು ಅಭ್ಯಾಸ ಆಗಿಹೋಗಿದೆ.

"ಯಾಕೆ ಹೊಡೆದೆ? ತಪ್ಪು ಮಾಡಿದ್ದು ನಿಜ ತಾನೇ?" ಅಂದಳು.

"ನಿಜ ಕಣೇ. ಮಿಸ್‌ಗೆ ಇಷ್ಟ ಆಗುತ್ತೋ ಇಲ್ವೋ ಅಂತ..."

"ಮಿಸ್ ಏನೂ ಮದ್ರಾಸ್ ಯೂನಿವರ್ಸಿಟಿ ಅಲ್ವಲ್ಲ ಚಿಕ್ಕಮ್ಮ."

ಅವಳ ಸಾಲನ್ನ ವಾಪಸ್ ಬರೆದುಕೊಟ್ಟೆ. ಸ್ಪರ್ಧೆಯ ದಿನ ನಾನು ಹೋಗೋಕಾಗಲಿಲ್ಲ, ರಿಲೀಸ್ ಇತ್ತು. ಅಕ್ಕ ಫೋನಿನಲ್ಲಿ ವೀಡಿಯೋ ಮಾಡಿ ಕಳಿಸಿದಳು. ಎರಡು ನಿಮಿಷ ವಜ್ರದ ಬಗ್ಗೆಯೇ ಮಾತಾಡಿದ್ದಾಳೆ, ಹದಿನೈದು ಗಂಟೆ ಎಕ್ಸ್‌ಪೋಶರ್ ಅನ್ನೋದನ್ನ ಎರಡು ಸಲ ಹೇಳಿದ್ದಾಳೆ. ಯೂನಿವರ್ಸಿಟಿ ತಪ್ಪು ಮಾಡಿತು ಅನ್ನೋ ಹೊತ್ತಿಗೆ ಬೆಲ್ ಆಯ್ತು. ಡೂಡಲ್ಲು, ಓಝೋನು, ಉಪ ಮಹಾನಿರ್ದೇಶಕಿ ಎಲ್ಲ ಹಾಳೆಯಲ್ಲೇ ಉಳೀತು. ಬಹುಮಾನ ಬಂದಿದ್ದು ಕಲ್ಪನಾ ಚಾವ್ಲಾ ಬಗ್ಗೆ ಮಾತಾಡಿದ ಹುಡುಗನಿಗೆ.

ಮುಂದಿನ ಭಾನುವಾರ ಮಲ್ಲೇಶ್ವರಕ್ಕೆ ಹೋಗೋವಾಗ ಆಟೋದವರಿಗೆ ಸಿ.ವಿ. ರಾಮನ್ ಅವೆನ್ಯೂ ಮೇಲೆ ಹೋಗಿ ಅಂದೆ. ಗೇಟು, ಒಳಗೆ ಮರಗಳು. ಪುಟ್ಟಿ ಆಟೋದಿಂದ ತಲೆ ಹೊರಗೆ ಹಾಕಿ ನೋಡಿದಳು.

"ಇಲ್ಲೇ ಒಳಗಿದೆಯಾ ಅದು?"

"ಹೂಂ. ಲೈಬ್ರರಿಯಲ್ಲಿ."

"ಈಗ ಕೊಡಬಹುದಲ್ಲ?"

ಸಿಗ್ನಲ್ ಬಿಟ್ಟಿತು.